ಎದುರಿನವರ ಮಾತು

ಹೊಸಪೇಟೆಯಲ್ಲಿ ಇಷ್ಟು ವರ್ಷ ಬಾಳಿ ನಾನು ಸ್ವಂತವಾಗಿ ಕಂಡುಕೊಂಡ ಸತ್ಯಗಳು ಹೆಚ್ಚೇನಿಲ್ಲ. ಇರುವ ಒಂದೆರಡರಲ್ಲಿ ಇದೂ ಒಂದು: ನಮ್ಮೂರಿನವರು ಎದುರಿನವರ ಮಾತನ್ನು ಪೂರ್ತಿಯಾಗಿ ಕೇಳುವುದು ಬಾಯಲ್ಲಿ ಬಿಸಿ ಮಿರ್ಚಿ ಬಜ್ಜಿ ಇರುವಾಗ ಮಾತ್ರ. ನಂಬಿಕೆಯಿಲ್ಲದಿದ್ದರೆ ಒಂದು ಸಂಜೆ ಬಸ್ ನಿಲ್ದಾಣದ ಬಳಿಯ ತಳ್ಳುಗಾಡಿಯ ಮುಂದೆ ನಿಂತು ನೋಡಿ. ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದ ಇಬ್ಬರು ರಾಜಕೀಯವನ್ನೋ, ಕಾಲುವೆಗೆ ನೀರು ಬಿಡುವ ತಾರೀಖನ್ನೋ ಹಿಡಿದು ಜಗ್ಗಾಡುತ್ತಿರುತ್ತಾರೆ. ಅವರಲ್ಲೊಬ್ಬ ಮಿರ್ಚಿಯನ್ನು ಕಚ್ಚಿದ್ದೇ ತಡ, ನಾಲಿಗೆ ಸುಟ್ಟು, ಕಣ್ಣಲ್ಲಿ ನೀರು ತುಂಬಿ, ಉಫ್ ಉಫ್ ಎನ್ನುತ್ತ ತಲೆಯಾಡಿಸತೊಡಗುತ್ತಾನೆ. ಎದುರಿನವನು ಅದನ್ನು ಸಮ್ಮತಿಯೆಂದು ಭಾವಿಸಿ ಇಮ್ಮಡಿ ಉತ್ಸಾಹದಿಂದ ತನ್ನ ಸಿದ್ಧಾಂತವನ್ನು ಮಂಡಿಸುತ್ತಾನೆ. ಮಿರ್ಚಿ ಗಂಟಲಿಳಿದ ಮರುಕ್ಷಣವೇ ಮೊದಲಿನವನು, ತಾನು ಏನನ್ನೂ ಕೇಳಿಯೇ ಇಲ್ಲವೇನೋ ಎಂಬಂತೆ, ಬಿಟ್ಟಲ್ಲಿಂದಲೇ ತನ್ನ ವಾದವನ್ನು ಮುಂದುವರಿಸುತ್ತಾನೆ.

ಅನ್ಯರನ್ನು ಆಡಿಕೊಳ್ಳುವ ಅಧಿಕಾರವೇನೂ ನನಗಿಲ್ಲ. ನಾನು ನೀರಾವರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತನಾದವನು. ಬಂದ ಪತ್ರವನ್ನು ಪೂರ್ತಿ ಓದುವ ಮೊದಲೇ ಅದಕ್ಕೆ ಉತ್ತರದ ಕರಡನ್ನು ಸಿದ್ಧಪಡಿಸಬಲ್ಲವನೇ ದಕ್ಷ ಗುಮಾಸ್ತ ಎಂಬ ಪರಂಪರೆಯಲ್ಲಿ ಪಳಗಿದವನು. ಆ ದಕ್ಷತೆ ಕಚೇರಿಯ ಹೊಸ್ತಿಲು ದಾಟಿ ಮನೆಗೂ ಬಂದಿದ್ದರಿಂದ, ಹೆಂಡತಿ ಮಾತು ಆರಂಭಿಸಿದ ಕೂಡಲೇ ನನ್ನ ತಲೆಯೊಳಗೆ ಕರಡು ತಯಾರಾಗತೊಡಗುತ್ತಿತ್ತು. ಆಕೆ ಹೇಳಿದ್ದೇನು ಎಂದು ಯಾರಾದರೂ ಕೇಳಿದ್ದರೆ ನಾನು ಕಕ್ಕಾಬಿಕ್ಕಿಯಾಗುತ್ತಿದ್ದೆ. ನಾನು ಹೇಳಬೇಕಾದದ್ದೇನು ಎಂದು ಕೇಳಿದ್ದರೆ ಅರ್ಧವಿರಾಮ ಸಮೇತ ಒಪ್ಪಿಸುತ್ತಿದ್ದೆ.

ಈ ಕರಡುವಿದ್ಯೆಯಿಂದ ನನಗೊಂದು ಉಪಕಸುಬೂ ಪ್ರಾಪ್ತವಾಗಿತ್ತು. ನಮ್ಮ ಕಡೆ ಚರ್ಚಾಸ್ಪರ್ಧೆಯೆಂದರೆ ಏನೆಂದು ನಿಮಗೆ ಗೊತ್ತೇ ಇದೆ. ದೊಡ್ಡವರು ಬರೆದುಕೊಡಬೇಕು, ಚಿಕ್ಕವರು ಬಾಯಿಪಾಠ ಮಾಡಬೇಕು. ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ, ನಿಷ್ಪಕ್ಷಪಾತಿ ನಿರ್ಣಾಯಕರೇ ಎಂದು ಎಲ್ಲ ದಿಕ್ಪಾಲಕರಿಗೂ ಒಂದೊಂದು ನಮಸ್ಕಾರ ಸಲ್ಲಿಸುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ. ಉಳಿದರ್ಧದಲ್ಲಿ ಮಗು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಮರೆಯುವ ಮೊದಲೇ ಎಲ್ಲವನ್ನೂ ಒದರಿ ಕೆಳಗಿಳಿಯುತ್ತದೆ. ನಮ್ಮ ಓಣಿಯ ಮಕ್ಕಳಿಗೆಲ್ಲ ನಾನೇ ಬರೆದುಕೊಡುತ್ತಿದ್ದೆ. ಪರವೂ ನನ್ನದೇ, ವಿರೋಧವೂ ನನ್ನದೇ. ಪರದ ಭಾಷಣವನ್ನು ವಿರೋಧಕ್ಕೆ ತಿರುಗಿಸುವುದು ನನಗೆ ಅಂಗಿಯನ್ನು ಮಗುಚಿ ಹಾಕಿಕೊಂಡಷ್ಟು ಸುಲಭವಾಗಿತ್ತು. ಒಮ್ಮೆ ಒಂದೇ ಸ್ಪರ್ಧೆಯಲ್ಲಿ ಪ್ರಥಮ, ದ್ವಿತೀಯ ಎರಡೂ ನನ್ನ ಕರಡುಗಳಿಗೇ ಬಂದಾಗ, ನಿರ್ಣಾಯಕರು ಇಬ್ಬರು ಮಕ್ಕಳ ಸ್ವತಂತ್ರ ಚಿಂತನೆಯನ್ನು ಮನಸಾರೆ ಹೊಗಳಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಸಂಕೋಚದಿಂದ ತಲೆ ತಗ್ಗಿಸಿದೆನೆಂದು ಬರೆಯಬಹುದಿತ್ತು, ನಿಜದಲ್ಲಿ ಹಿಗ್ಗಿಹೋಗಿದ್ದೆ.

ಆದ್ದರಿಂದ ವಿರೂಪಾಕ್ಷ ನಮ್ಮ ಮನೆಗೆ ಬಂದು, ಯುವಕರಿಗಾಗಿ ಸಂವಾದದ ಕಾರ್ಯಕ್ರಮ ಮಾಡುತ್ತಿದ್ದೇವೆ, ನಿಮ್ಮ ಸಹಾಯ ಬೇಕು ಎಂದಾಗ ನಾನು ಪೆನ್ನಿಗೆ ಶಾಯಿ ತುಂಬಿಸಿಕೊಂಡೇ ಕುಳಿತೆ. ವಿರೂಪಾಕ್ಷ ಹಂಪಿ ಬಜಾರಿನಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಗೈಡ್. ಮೂವತ್ತು ದಾಟದ, ಬಿಸಿಲಿಗೆ ಕಪ್ಪಿಟ್ಟ, ಸದಾ ಟೋಪಿ ಹಾಕಿಕೊಂಡಿರುವ ತರುಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಹೀಗೆ ಸರದಿಯಂತೆ ತಿಂಗಳಿಗೊಂದು ಭಾನುವಾರ ಸೇರುವುದು, ಕಾಲೇಜಿನವರೂ ಕೆಲಸಕ್ಕೆ ಹೋಗುವವರೂ ಕೂಡಿ ಒಂದು ವಿಷಯವನ್ನು ಚರ್ಚಿಸುವುದು ಅವನ ಯೋಜನೆಯಾಗಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿ. ಅವನ ನಿಯಮಗಳನ್ನು ಕೇಳಿದಾಗ ಮಾತ್ರ ಪೆನ್ನಿನ ಮುಚ್ಚಳ ಹಾಕಬೇಕಾಯಿತು.

"ಯಾರೂ ಬರಕೊಂಡು ಬರಂಗಿಲ್ಲ ಸರ. ಪರಾನೋ ವಿರೋಧಾನೋ ಅಂತ ಅಲ್ಲೇ ಚೀಟಿ ಎತ್ತಬೇಕು. ಆಮ್ಯಾಲ ಇನ್ನೊಂದು ಐತಿ. ಎದುರಿನೋರು ಹೇಳಿದ್ದನ್ನ ಮೊದಲು ನೀವು ಹೇಳಿ ತೋರಿಸಬೇಕು. ಅವ್ರು 'ಹೌದು, ನಾ ಹೇಳಿದ್ದು ಇದನ್ನ' ಅನ್ನಬೇಕು. ಅನ್ನೋ ತನಕ ನಿಮ್ಮ ಸರದಿ ಇಲ್ಲ."

"ಅನ್ನದಿದ್ದರೆ?"

"ಅನ್ನೋ ಮಟ ಹೇಳ್ತಿರಬೇಕು ಸರ."

ಸಂಡೂರಿನ ಮೊದಲ ಸಭೆ ನನಗಿನ್ನೂ ನೆನಪಿದೆ. ಮೊಬೈಲ್ ಫೋನು ಮನುಷ್ಯರನ್ನು ಹತ್ತಿರ ತಂದಿತೇ, ದೂರ ಮಾಡಿತೇ ಎಂಬ ನಿರಪಾಯಕಾರಿ ವಿಷಯ. ಮೊದಲ ಹುಡುಗ ಎರಡೇ ನಿಮಿಷ ಮಾತನಾಡಿದ. ಅವನು ಹೇಳಿದ್ದನ್ನು ತಿರುಗಿ ಹೇಳಲು ಎದ್ದವನು, ನೀ ಹೇಳಿದ್ದು ಹೀಗೆ, ಆದರೆ ಅದು ತಪ್ಪು ಎಂದು ಒಂದೇ ಉಸಿರಿಗೆ ಮುಗಿಸಲು ನೋಡಿದ. 'ಅಲ್ಲ, ನಾ ಹಂಗ ಹೇಳಿಲ್ಲ' ಎಂದು ಮೊದಲಿನವನು ಪಟ್ಟುಹಿಡಿದ. ಮತ್ತೆ ಪ್ರಯತ್ನ, ಮತ್ತೆ 'ಅಲ್ಲ'. ಚಹಾ ಬಂತು, ಚಹಾ ಆರಿತು, ಚರ್ಚೆ ಮಾತ್ರ ಮೊದಲ ಮೆಟ್ಟಿಲು ಹತ್ತಲಿಲ್ಲ. ಇದು ಉದ್ಧಾರವಾಗುವ ಕಾರ್ಯಕ್ರಮವಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ. ತೀರ್ಮಾನಿಸಿಯೂ ಪ್ರತಿ ತಿಂಗಳು ಹೋಗುತ್ತಿದ್ದೆ. ನಿವೃತ್ತನಿಗೆ ಭಾನುವಾರವನ್ನು ಉಳಿದ ದಿನಗಳಿಂದ ಬೇರ್ಪಡಿಸಲು ಏನಾದರೊಂದು ಬೇಕಲ್ಲ.

ನಿಯಮವನ್ನು ನಾನು ಮನೆಯಲ್ಲಿ ಗುಟ್ಟಾಗಿ ಪರೀಕ್ಷಿಸಿ ನೋಡಿದ್ದೂ ಉಂಟು. ನಾನು ಪೇಟೆಗೆ ಹೋದರೆ ಹೇಳಿದ್ದನ್ನು ಬಿಟ್ಟು ಬೇರೆಲ್ಲವನ್ನೂ ತರುತ್ತೇನೆಂದು ಹೆಂಡತಿ ಬೇಸರಿಸಿಕೊಂಡ ದಿನ, ಎಂದಿನ ಪ್ರತ್ಯುತ್ತರವನ್ನು ನುಂಗಿಕೊಂಡು, "ಅಂದರೆ ನನ್ನ ಮರೆವಿನಿಂದ ನಿನಗೆ ತೊಂದರೆಯಾಗುತ್ತಿದೆ ಎಂದು ನೀನು ಹೇಳುತ್ತಿದ್ದೀಯ" ಎಂದೆ. ಆಕೆ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಆಮೇಲೆ, "ಅಲ್ರಿ, ಮರಿಯೋದು ಬ್ಯಾರೆ. ನೀವು ನಾ ಹೇಳಾಗ ಕೇಳಂಗೇ ಇಲ್ಲ" ಎಂದಳು. ಇಷ್ಟು ವರ್ಷ ಅದನ್ನು ಎಷ್ಟು ಸಲ ಹೇಳಿದ್ದಳೋ. ಅಂದು ಕೇಳಿಸಿತು, ಕೇಳಿಸಿ ನಾಚಿಕೆಯಾಯಿತು.

ಹುಲಿಗೆಮ್ಮ ಕಾರ್ಯಕ್ರಮಕ್ಕೆ ಬರತೊಡಗಿದ್ದು ಹಂಪಿಯ ಸಭೆಯಿಂದ. ಸಂಡೂರು ತಾಲ್ಲೂಕಿನ ಬಂಡ್ರಿಯ ಹುಡುಗಿ, ಪಿ.ಯು.ಸಿ. ವಿಜ್ಞಾನ ಮುಗಿಸಿದ್ದಳು. ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಮೆಟಲರ್ಜಿ ಡಿಪ್ಲೊಮಾ ಓದಬೇಕು, ಕಬ್ಬಿಣದ ಕಾರ್ಖಾನೆ ಸೇರಬೇಕು ಎಂಬುದು ಆಕೆಯ ಹಂಬಲ. ಅಪ್ಪ ಹೊನ್ನೂರಪ್ಪ ತೋರಣಗಲ್ಲಿನ ದಾರಿಯಲ್ಲಿರುವ ಅಂಥದೇ ಸಣ್ಣ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕಾರ್ಮಿಕ. ಮಗಳ ಓದಿಗೆ ಆತ ಅಡ್ಡಿಯಾದವನಲ್ಲ. ಬಿ.ಎ. ಓದು, ಬಿ.ಎಡ್. ಮಾಡು, ಟೀಚರ್ ಆಗು, ನಾನೇ ಓದಿಸುತ್ತೇನೆ ಎನ್ನುತ್ತಿದ್ದ. ಫ್ಯಾಕ್ಟರಿ ಮಾತ್ರ ಬೇಡ. ಏಕೆಂದು ಕೇಳಿದರೆ, ಬ್ಯಾಡಂದ್ರ ಬ್ಯಾಡ. ಕಾರಣವನ್ನೇ ಕೊಡದವನೊಡನೆ ವಾದಿಸುವುದು ಹೇಗೆ? ಅದನ್ನು ಕಲಿಯಲೆಂದೇ ಆಕೆ ನಮ್ಮ ಸಭೆಗಳಿಗೆ ಬರುತ್ತಿದ್ದಳು.

ಕಂಪ್ಲಿಯ ಸಭೆಯ ವಿಷಯ ಗೊತ್ತಾದಾಗ ಆಕೆಯ ಮುಖ ಅರಳಿತು: ನಮ್ಮ ಭಾಗದ ಯುವಜನ ನಮ್ಮ ಭಾಗದ ಕಾರ್ಖಾನೆಗಳಲ್ಲೇ ದುಡಿಯಬೇಕು. ಅಪ್ಪನನ್ನೂ ಕರೆತರುತ್ತೇನೆ, ಎಲ್ಲರೆದುರು ಹೇಳಿದರೆ ಕೇಳಿಯಾನು ಎಂದಳು. ಡಿಪ್ಲೊಮಾದ ಅರ್ಜಿಗೆ ಸಭೆಯ ಮರುದಿನವೇ ಕೊನೆಯ ದಿನ. ಅಪ್ಪನ ಸಹಿಯೊಂದು ಬಾಕಿ. ಇಷ್ಟು ಕೇಳಿದ ಮೇಲೆ ನನ್ನೊಳಗಿನ ಹಳೆಯ ಗುಮಾಸ್ತ ಸುಮ್ಮನಿರುತ್ತಾನೆಯೇ? ವಿರೂಪಾಕ್ಷನಿಗೆ ತಿಳಿಯದಂತೆ ನಾಲ್ಕು ಪುಟದ ಭಾಷಣವನ್ನು ಬರೆದು ಆಕೆಯ ಕೈಗಿಟ್ಟೆ. ನೆಲದ ಋಣ, ಬೆವರಿನ ಹಕ್ಕು, ಸ್ತ್ರೀಶಕ್ತಿ ಎಲ್ಲವೂ ಅದರಲ್ಲಿತ್ತು. ಚೀಟಿಯಲ್ಲಿ ಪರ ಬಂದರೆ ಆಯಿತು ಎಂದೆ. ಬಾರದಿದ್ದರೆ ಏನು ಎಂಬುದನ್ನು ಆಕೆ ಕೇಳಲಿಲ್ಲ, ನಾನು ಯೋಚಿಸಲಿಲ್ಲ. ನಿಯಮ ಮುರಿಯುತ್ತಿದ್ದೇನೆಂಬ ಅಳುಕಿಗಿಂತ ಭಾಷಣ ಚೆನ್ನಾಗಿ ಬಂದಿದೆಯೆಂಬ ಹೆಮ್ಮೆಯೇ ನನಗೆ ದೊಡ್ಡದಾಗಿತ್ತು.

ಕಂಪ್ಲಿಯಲ್ಲಿ ಸಭೆ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಅಲಂಕಾರ ಹಾಗೆಯೇ ಉಳಿದಿತ್ತು. ವಾದಿ ಪ್ರತಿವಾದಿಗಳಿಬ್ಬರೂ ವಧೂವರರ ಕೆಂಪು ಮಖಮಲ್ಲಿನ ಸಿಂಹಾಸನಗಳ ಮೇಲೆ ಕೂರಬೇಕಾಗಿ ಬಂದು ಹುಡುಗ ಹುಡುಗಿಯರೆಲ್ಲ ನಕ್ಕರು. ಬಾಗಿಲ ಬಳಿ ಕೊನೆಯ ಸಾಲಿನಲ್ಲಿ, ಒಗೆದು ಇಸ್ತ್ರಿ ಮಾಡಿದ ಬಿಳಿಯಂಗಿ ತೊಟ್ಟು ಹೊನ್ನೂರಪ್ಪ ಕುಳಿತಿದ್ದ. ವಾರದ ರಜೆಯನ್ನು ಇದಕ್ಕಾಗಿ ಯಾರೊಂದಿಗೋ ಬದಲಿಸಿಕೊಂಡು ಬಂದಿದ್ದನಂತೆ. ನಾನು ಪಕ್ಕದಲ್ಲಿ ಕುಳಿತದ್ದೇ ಆತ ಕೈಮುಗಿದು ಪಿಸುದನಿಯಲ್ಲಿ ಹೇಳಿದ:

"ನೀವಾರ ಹೇಳ್ರಿ ಸರ ಆಕಿಗೆ. ಬಿ.ಎ. ಮಾಡಲಿ, ನಾ ಏನ್ ಬ್ಯಾಡ ಅಂತೀನೇನು? ಸಾಲಿ ಟೀಚರ್ ಅಂದ್ರ ಭಾಳ ಮರ್ಯಾದಿ ಐತ್ರಿ."

"ಕಾರ್ಖಾನೆ ಏಕೆ ಬೇಡ ಎಂದು ಆಕೆಗೆ ಬಿಡಿಸಿ ಹೇಳಿದ್ದೀಯಾ?"

"ಅದ್ನೆಲ್ಲ ಏನ್ ಹೇಳೋದು ಬಿಡ್ರಿ" ಎಂದು ಆತ ವೇದಿಕೆಯತ್ತ ನೋಡತೊಡಗಿದ.

ವಿರೂಪಾಕ್ಷ ಟೋಪಿ ತೆಗೆದು ಅದರಲ್ಲಿ ಚೀಟಿ ಹಾಕಿ ಕುಲುಕಿದ. ಹುಲಿಗೆಮ್ಮ ಎತ್ತಿದಳು, ಬಿಚ್ಚಿದಳು, ಓದಿದಳು. ವಿರೋಧ.

ಆಕೆ ನೇರವಾಗಿ ನನ್ನತ್ತ ನೋಡಿದಳು. ಓದುಗ ಮಿತ್ರರೇ, ಆ ಗಳಿಗೆಯಲ್ಲಿ ಒಬ್ಬ ವಿವೇಕಿ ಏನು ಮಾಡುತ್ತಿದ್ದನೋ ನಾನರಿಯೆ. ನಾನಂತೂ ಕೊನೆಯ ಸಾಲಿನಿಂದ ಎರಡೂ ಕೈಗಳನ್ನು ಎತ್ತಿ, ಬರೆದದ್ದನ್ನೇ ಮಗುಚಿ ಹೇಳು ಎಂಬ ಅರ್ಥದಲ್ಲಿ ರೊಟ್ಟಿ ತಿರುವಿದಂತೆ ಸನ್ನೆ ಮಾಡತೊಡಗಿದೆ. ಮುಂದಿನ ಸಾಲಿನ ಹೆಂಗಸೊಬ್ಬರು ಹಿಂದಕ್ಕೆ ತಿರುಗಿ, ಫ್ಯಾನು ಜೋರು ಮಾಡಬೇಕೇ ಎಂದು ಕೇಳಿದರು. ಅಷ್ಟರಲ್ಲಿ ಹುಲಿಗೆಮ್ಮ ನನ್ನಿಂದ ಕಣ್ಣು ತೆಗೆದುಬಿಟ್ಟಿದ್ದಳು. ಆಕೆಯ ನೋಟ ನನ್ನ ಪಕ್ಕದ ಕುರ್ಚಿಯ ಮೇಲಿತ್ತು.

ಪರವಾಗಿ ಮೊದಲು ಮಾತನಾಡಿದವನು ಕಂಪ್ಲಿಯ ಭತ್ತದ ಗದ್ದೆಯವರ ಮಗ. ಅದಿರು ನಮ್ಮ ಗುಡ್ಡದ್ದು, ಧೂಳು ನಮ್ಮ ಎದೆಯೊಳಗೆ, ನೌಕರಿ ಮಾತ್ರ ಹೊರಗಿನವರಿಗೆ. ಒಳಗೆ ನಾವು ಹೋಗದಿದ್ದರೆ ನಮ್ಮ ಪರವಾಗಿ ಕೇಳುವವರು ಯಾರು ಎಂದು ಅವನು ಚೆನ್ನಾಗಿಯೇ ಮಾತನಾಡಿದ. ಹುಲಿಗೆಮ್ಮ ಅವನ ಮಾತನ್ನು ಒಂದು ಎಳೆಯೂ ತಪ್ಪದಂತೆ ತಿರುಗಿ ಹೇಳಿದಳು. ಹೇಳುವುದೇನು ಕಷ್ಟ, ಅದು ಆಕೆಯದೇ ಮನಸ್ಸಿನ ಮಾತು. ಅವನು ಒಂದೇ ಸಲಕ್ಕೆ 'ಹೌದು, ನಾ ಹೇಳಿದ್ದು ಇದನ್ನ' ಎಂದ. ಆಮೇಲೆ ಆಕೆ ಆ ದೊಡ್ಡ ಕುರ್ಚಿಯಿಂದ ಎದ್ದು ನಿಂತಳು. ಮಾನ್ಯ ಅಧ್ಯಕ್ಷರೂ ಇಲ್ಲ, ಪೂಜ್ಯ ಗುರುಗಳೂ ಇಲ್ಲ.

"ಒಬ್ಬ ಅಪ್ಪ ಅದಾನ ಅಂತ ತಿಳ್ಕೋರಿ. ಊರಾಗ ಆತಗ ಭಾಳ ಮರ್ಯಾದಿ. ಯಾರ ಮನ್ಯಾಗ ಜಗಳ ಆದ್ರೂ ಆತನ್ನ ಕರೀತಾರ, ಆತ ಹೇಳಿದ್ರ ಮುಗೀತು. ಬಸ್ ಹತ್ತಿ ಫ್ಯಾಕ್ಟ್ರಿ ಗೇಟು ದಾಟಿದ್ನೆಂದ್ರ ಆತಗ ಹೆಸರೇ ಇಲ್ಲ. ಗುತ್ತೇದಾರನ ಕಡಿ ಹುಡುಗ, ಮಗನ ವಯಸ್ಸಿನಾವ, 'ಲೇ' ಅಂತಾನ. 'ಲೇ, ಬಾರಲೇ ಇಲ್ಲಿ' ಅಂತಾನ. ಒಂದಿನ ಅಪ್ಪ ಬುತ್ತಿ ಮರ್ತು ಹೋಗಿದ್ದ. ಮಗಳು ಬುತ್ತಿ ತಗಂಡು ಗೇಟಿಗೆ ಹೋದ್ಲು. ದೂರದಿಂದ ನೋಡಿದ್ಲು. ಆತ ತಲಿ ತಗ್ಗಿಸಿ ನಿಂತಿದ್ದ. ಆಕಿ ಬುತ್ತಿ ಗೇಟಿನಾವನ ಕೈಯಾಗ ಕೊಟ್ಟು ವಾಪಸ್ ಬಂದ್ಲು. ಸಂಜಿಕ ಅಪ್ಪ ಕೇಳಿದ, ಬುತ್ತಿ ಯಾರು ತಂದ್ರು ಅಂತ. ಅಣ್ಣ ತಂದಿದ್ದ ಅಂದ್ಲು."

'ಲೇ' ಎಂಬುದು ನಮ್ಮ ಸೀಮೆಯಲ್ಲಿ ಬೈಗುಳವೇನಲ್ಲ. ನನ್ನ ಬಾಲ್ಯದ ಗೆಳೆಯನೊಬ್ಬ ಇಂದಿಗೂ ನನ್ನನ್ನು ಹಾಗೆಯೇ ಕರೆಯುತ್ತಾನೆ, ಕರೆಯದಿದ್ದರೆ ನನಗೇ ಬೇಸರವಾಗುತ್ತದೆ. ಆದರೆ ಕೆಲಸ ಕಳೆದೀತೆಂಬ ಭಯದಿಂದ ಉತ್ತರಿಸಲಾಗದವನಿಗೆ ಅದನ್ನು ಅಂದಾಗ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ನಮ್ಮ ಕಚೇರಿಯ ಜವಾನನನ್ನು ನಾನೇ ಎಷ್ಟು ಸಲ ಹಾಗೆ ಕರೆದಿದ್ದೆ.

"ಆ ಮಗಳು ಹೆಲ್ಮೆಟ್ ಹಾಕ್ಕೊಂಡು ಅದೇ ಗೇಟಿನಾಗ ಬಂದ್ರ, ಆ ಅಪ್ಪ ಎಲ್ಲಿ ನಿಂದರಬೇಕು?" ಎಂದಳು ಹುಲಿಗೆಮ್ಮ. "ಮನ್ಯಾಗ ಇರೋ ಅಪ್ಪ ಬ್ಯಾರೆ, ಅಲ್ಲಿ ಇರೋ ಅಪ್ಪ ಬ್ಯಾರೆ. ಅಲ್ಲಿಯಾವನ್ನ ಮಗಳು ನೋಡಬಾರ್ದು ಅಂತ ಆತನ ಆಸೆ. ಅದಕ ಬ್ಯಾಡ ಅಂತಾನ. ಕಾರಣ ಹೇಳಾಕ ಬರಲ್ಲ ಆತಗ. ಹೇಳಿದ್ರ ತೋರಿಸಿದಂಗ ಆಕ್ಕತಿ. ನಮ್ಮ ಫ್ಯಾಕ್ಟ್ರಿಗಳಿಗೆ ಮಕ್ಕಳನ್ನ ಕಳಿಸಂಗಿಲ್ಲ ಅನ್ನೋರು ಸುಮ್ನೆ ಹೇಳಂಗಿಲ್ರಿ."

ಆಕೆ ಕುಳಿತಳು. ಈಗ ಕಂಪ್ಲಿಯ ಹುಡುಗ ಇದನ್ನು ತಿರುಗಿ ಹೇಳಬೇಕಿತ್ತು. ಎದ್ದು ನಿಂತವನು, ಒಬ್ಬ ಅಪ್ಪ ಇದ್ದಾನೆ ಎಂದು ಆರಂಭಿಸಿ, ಅಲ್ಲಿಗೇ ನಿಂತು, ನನಗಾಗದು ಎಂದು ವಿರೂಪಾಕ್ಷನಿಗೆ ತಲೆಯಾಡಿಸಿ ಕುಳಿತುಬಿಟ್ಟ. ನಾನು ಪಕ್ಕಕ್ಕೆ ತಿರುಗಿದರೆ ಕುರ್ಚಿ ಖಾಲಿಯಾಗಿತ್ತು.

ಹೊನ್ನೂರಪ್ಪ ಹೊರಗೆ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದ. ಮತ್ತೆ ಮತ್ತೆ ತೊಳೆದುಕೊಂಡ. ನಾನು ಹೇಳಬಹುದಾದ ನಾಲ್ಕಾರು ಸಾಂತ್ವನದ ವಾಕ್ಯಗಳು ಅಭ್ಯಾಸಬಲದಿಂದ ತಲೆಯೊಳಗೆ ಸಾಲಾಗಿ ನಿಂತವು. ದೇವರ ದಯೆಯಿಂದ ಒಂದನ್ನೂ ಹೇಳಲಿಲ್ಲ. ಮಗಳು ಹೊರಬಂದಾಗ ಆತ ಟವೆಲಿನಿಂದ ಮುಖ ಒರೆಸಿಕೊಂಡು, "ನಡಿ, ಬಸ್ಸಿಗೆ ಹೊತ್ತಾತು" ಎಂದಷ್ಟೇ ಅಂದ.

ಹೊಸಪೇಟೆಯ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಕಿಟಕಿಯ ಬಳಿ ಹುಲಿಗೆಮ್ಮ, ನಡುವೆ ಅಪ್ಪ, ಈಚೆ ನಾನು. ಬಸ್ಸು ಗದ್ದೆಗಳನ್ನು ದಾಟಿತು. ತನ್ನ ಗೆಲುವಿಗೆಂದು ಬಂದವಳು ತನ್ನ ವಿರುದ್ಧದ ವಾದವನ್ನೇ ಗೆಲ್ಲಿಸಿಬಿಟ್ಟಿದ್ದಳು. ಇನ್ನು ಸಹಿಯ ಮಾತೆತ್ತುವ ಬಾಯಿ ಯಾರಿಗಿದೆ ಎಂದು ನಾನು ಮರುಗುತ್ತಿದ್ದೆ.

"ಬುತ್ತಿ ನೀನಾ ತಂದಿದ್ದಿ?" ಎಂದ ಹೊನ್ನೂರಪ್ಪ, ಎದುರಿನ ಸೀಟಿನ ಕಂಬಿಯನ್ನು ನೋಡುತ್ತ.

"ಹೂಂ ಅಪ್ಪ."

ಇನ್ನಷ್ಟು ದೂರ ಹೋದ ಮೇಲೆ ಆತ ಮತ್ತೆ ಹೇಳಿದ: "ನನ್ನ ಮಾತು ನೀ ಹೇಳಿದಿ. ಸರಿ ಐತಿ, ಅದನ್ನ ನಾ ಹೇಳೋದು. ಈಗ ನಿನ್ನ ಮಾತು ನಾ ಹೇಳಬೇಕಲ್ಲ, ನಿಮ್ಮ ಪದ್ಧತಿ ಹಂಗ ಐತಲ್ಲ?"

ಹುಲಿಗೆಮ್ಮ ಬೆರಗಾಗಿ ಅಪ್ಪನತ್ತ ತಿರುಗಿದಳು.

"ನಿನಗ ಪಗಾರ ಚಲೋ ಬರ್ತೈತಿ, ಅದಕ ಹೋಗಬೇಕು."

"ಅಲ್ಲಪ್ಪ."

ಆತ ಯೋಚಿಸಿದ. ಸಭೆಯಲ್ಲಿ ವಿದ್ಯಾವಂತರು ಯಾರೂ ಇಷ್ಟು ಹೊತ್ತು ಯೋಚಿಸಿದ್ದನ್ನು ನಾನು ಕಂಡಿರಲಿಲ್ಲ. "ಹಾಸ್ಟೆಲ್‌ನ್ಯಾಗ ಇದ್ದು ನಾಕು ಊರು ನೋಡಬೇಕು ಅಂತ."

"ಅದೂ ಐತಿ. ಆದ್ರ ಅದಲ್ಲ."

ಕಂಡಕ್ಟರ್ ಬಂದು ಹೋದ. ಬಸ್ಸು ಒಂದು ಊರಲ್ಲಿ ನಿಂತು ಹೊರಟಿತು. ಹೊನ್ನೂರಪ್ಪನ ದನಿ ಈ ಸಲ ತೀರ ತಗ್ಗಿತ್ತು. "ನನ್ನ 'ಲೇ' ಅನ್ನೋ ಜಾಗದಾಗ ನಿನ್ನ 'ಮೇಡಂ' ಅನ್ನಬೇಕು. ಅದನ್ನ ನಾ ನೋಡಬೇಕು. ಅದಕ."

ಇದೇ ಸರಿ, ಇದಕ್ಕಿಂತ ಸರಿಯಾದದ್ದು ಇನ್ನೇನಿದೆ ಎಂದುಕೊಂಡೆ. ನಾನು ಬರೆದಿದ್ದರೂ ಅಲ್ಲಿಗೇ ಮುಗಿಸುತ್ತಿದ್ದೆ. ಹುಲಿಗೆಮ್ಮ ಮಾತ್ರ ಅಪ್ಪನ ಮೊಣಕೈ ಹಿಡಿದುಕೊಂಡು, ತಲೆಯಲ್ಲಾಡಿಸಿದಳು.

"ಅಲ್ಲಪ್ಪ. ನನ್ನ ಏನ್ ಬೇಕಾದ್ರೂ ಅನ್ನಲಿ. ನಾ ಅಲ್ಲಿ ಹೋದ್ಮ್ಯಾಲ ಯಾರನ್ನೂ ಯಾರೂ 'ಲೇ' ಅನ್ನಬಾರ್ದು. ನಿನ್ನೂ, ನಿನ್ನ ಜೋಡಿ ಇರೋರನ್ನೂ."

ಹೊನ್ನೂರಪ್ಪ ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡ. ಆಮೇಲೆ ಗಟ್ಟಿಯಾಗಿ, ನಿಧಾನವಾಗಿ ಹೇಳಿದ: "ಯಾರನ್ನೂ ಯಾರೂ 'ಲೇ' ಅನ್ನಬಾರ್ದು. ನನ್ನೂ, ನನ್ನ ಜೋಡಿ ಇರೋರನ್ನೂ. ಅದಕ ನೀ ಹೋಗಬೇಕು."

"ಹೌದಪ್ಪ. ನಾ ಹೇಳಿದ್ದು ಇದನ್ನ."

ಹೊಸಪೇಟೆ ಬಂತು. ಇಳಿದ ಮೇಲೆ, ಸಂಡೂರಿನ ಬಸ್ಸು ನಿಲ್ಲುವ ಜಾಗಕ್ಕೆ ಹೋಗುತ್ತಿದ್ದವನು ತಟ್ಟನೆ ನಿಂತು, "ಆ ಅರ್ಜಿ ಎಲ್ಲೈತಿ?" ಎಂದ. ಹುಲಿಗೆಮ್ಮ ಬ್ಯಾಗಿನಿಂದ ತೆಗೆಯುವಾಗ ಅದರೊಂದಿಗೆ ನನ್ನ ನಾಲ್ಕು ಪುಟಗಳೂ ಹೊರಬಂದು ನೆಲಕ್ಕೆ ಬಿದ್ದವು. ಆಕೆ ಬಗ್ಗುವ ಮೊದಲೇ ನಾನು ಅವನ್ನು ಎತ್ತಿ ಜೇಬಿಗೆ ತುರುಕಿಕೊಂಡೆ. ಪೆನ್ನು ಕೊಟ್ಟೆ. ಆದರೆ ಅರ್ಜಿಯನ್ನು ಇಟ್ಟು ಬರೆಯಲು ಸುತ್ತಲೂ ಒಂದು ಮೇಜಿಲ್ಲ, ಕಟ್ಟೆಯಿಲ್ಲ. ಇದ್ದ ಬೆಂಚುಗಳಲ್ಲೆಲ್ಲ ಜನ. ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು.

"ನನ್ನ ಬೆನ್ನ ಮೇಲೆ ಇಡಪ್ಪ" ಎಂದು ನಾನು ತಿರುಗಿ ಬಗ್ಗಿ ನಿಂತೆ.

"ಏ, ಬ್ಯಾಡ್ರಿ ಸರ, ಹಿರೇರು ನೀವು!"

"ಇಡ್ರಿ ಹೊನ್ನೂರಪ್ಪನವರೆ" ಎಂದೆ. ಬೆಳಗ್ಗೆಯಿಂದ ಆತನನ್ನು ಏಕವಚನದಲ್ಲಿ ಕರೆಯುತ್ತಿದ್ದೆನೆಂಬುದು ನನಗೆ ಹೊಳೆದದ್ದೇ ಆಗ.

ಅವರು ಹಾಳೆಯನ್ನು ನನ್ನ ಬೆನ್ನಿಗೊತ್ತಿ ಹಿಡಿದರು. ಅವಸರವಿಲ್ಲದೆ, ಒಂದೊಂದೇ ಅಕ್ಷರ ಬರೆಯತೊಡಗಿದರು. ತಲೆಕಟ್ಟು, ಕೊಂಬು, ಒತ್ತು ಒಂದೊಂದೂ ಅಂಗಿಯಾಚೆಯಿಂದ ನನಗೆ ತಿಳಿಯುತ್ತಿತ್ತು. ಸುತ್ತ ನಿಂತವರು ನೋಡಿ ನಕ್ಕರು. ನಾನು ಉಸಿರು ಬಿಗಿಹಿಡಿದು, ಅವರ ಹೆಸರು ಪೂರ್ತಿಯಾಗುವವರೆಗೂ ಅಲುಗಾಡದೆ ನಿಂತಿದ್ದೆ.